ಹೆಪ್ಪುಗಟ್ಟಿದ ಕಡಲಿನ ಕಿಟಕಿಗಳು

ಸುತ್ತೂರಿನ ಮಗ್ಗುಲಲ್ಲಿ ಹರಿಯುವ ಕಪಿಲೆಯು ಹೆಪ್ಪುಗಟ್ಟಿದುದನ್ನು ಕಂಡವರಿಲ್ಲ. ಮಾಗಿಯ ಮುಂಜಾನೆ ನದಿಯ ಮೇಲೆ ಇಬ್ಬನಿ ಕವಿಯುವುದುಂಟು. ಬಿಸಿಲೇರಿದೊಡನೆ ಅದು ಕರಗಿ, ಹೊಳೆ ಎಂದಿನಂತೆ ತಿರುಮಕೂಡಲಿನತ್ತ ಸಾಗುತ್ತದೆ. ಆ ಸೀಮೆಯವರಿಗೆ ಕಡಲೇ ಕಲ್ಲಾಗುವ ನಾಡನ್ನು ಊಹಿಸುವುದು ಸುಲಭವಲ್ಲ. ಕಲ್ಲಾದ ಆ ಕಡಲಿನಲ್ಲಿ, ನಡುಚಳಿಗಾಲದಲ್ಲಿಯೇ, ತೆರೆದ ನೀರಿನ ಕಿಟಕಿಗಳು ಮೂಡುತ್ತವೆಂದರೆ ನಂಬುವುದು ಇನ್ನೂ ಕಷ್ಟ.

ಇದಕ್ಕೊಂದು ಹೋಲಿಕೆ ಊರ ಕೆರೆಯಲ್ಲಿಯೇ ಉಂಟು. ಅಂತರಗಂಗೆ ಕವಿದ ಕೆರೆಯ ಮೇಲೆ ಪಡುವಣ ಗಾಳಿ ಬೀಸಿದಾಗ ಹಸಿರು ಹೊದಿಕೆಯೆಲ್ಲ ಮೂಡಣ ದಡಕ್ಕೆ ಸರಿದು, ಪಡುವಣ ಅಂಚಿನಲ್ಲಿ ತಿಳಿನೀರು ಕಾಣುತ್ತದೆ. ಧ್ರುವದ ಕಡಲಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಸಮುದ್ರದ ಉಪ್ಪುನೀರು ಸೊನ್ನೆಗಿಂತ ಸುಮಾರು 1.8 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟುತ್ತದೆ. ಹಾಗೆ ಹುಟ್ಟಿದ ಹಿಮದ ಹಾಸು ನೆಲಕ್ಕೆ ಬೆಸೆದ ಬಂಡೆಯಲ್ಲ, ತೇಲುವ ಹೊದಿಕೆ. ಗಾಳಿ ಒಂದು ಕಡೆಗೆ, ನೀರಿನ ಸೆಳೆತ ಮತ್ತೊಂದು ಕಡೆಗೆ ಎಳೆದರೆ ಅದು ಸೀಳುತ್ತದೆ. ಈ ನೀಳವಾದ ಸೀಳಿಗೆ ನಾವಿಕರ ಮಾತಿನಲ್ಲಿ ‘ಲೀಡ್’ ಎಂದು ಹೆಸರು. ದೂರದ ಮೋಡದ ಅಡಿಭಾಗ ಕಪ್ಪಾಗಿ ಕಂಡರೆ ಅದರ ಕೆಳಗೆ ತೆರೆದ ನೀರಿದೆಯೆಂದು ಹಿಂದಿನ ನಾವಿಕರು ತಿಳಿಯುತ್ತಿದ್ದರು.

ಈ ಸೀಳುಗಳು ದಾರಿಯೂ ಹೌದು, ಮೃತ್ಯುವೂ ಹೌದು. 1915ರ ಜನವರಿಯಲ್ಲಿ ಷ್ಯಾಕಲ್ಟನ್ನನ ‘ಎಂಡ್ಯೂರನ್ಸ್’ ಹಡಗು ದಕ್ಷಿಣ ಧ್ರುವದ ವೆಡೆಲ್ ಸಮುದ್ರದಲ್ಲಿ ಸಿಕ್ಕಿಕೊಂಡಿತು. ಸುತ್ತಣ ನೀರು ಮುಚ್ಚಿಹೋಗಿ, ಹಿಮದ ಒತ್ತಡಕ್ಕೆ ಹಡಗು ಮುರಿದು, ನವೆಂಬರಿನಲ್ಲಿ ಮುಳುಗಿತು. ಹಡಗಿನವರು ತಿಂಗಳುಗಟ್ಟಲೆ ತೇಲುವ ಹಿಮದ ಮೇಲೆಯೇ ಬಿಡಾರ ಹೂಡಿದರು. 1916ರ ಏಪ್ರಿಲಿನಲ್ಲಿ ಕಾಲಡಿಯ ಹಿಮವೇ ಬಿರಿಯಿತು. ಬಿರಿದ ಆ ನೀರಿಗೇ ದೋಣಿಗಳನ್ನಿಳಿಸಿ ಅವರು ಪಾರಾದರು. 28 ಮಂದಿಯೂ ಬದುಕಿ ಉಳಿದರು.

ಸೀಳು ಬೇಗನೆ ಮುಚ್ಚಿಕೊಳ್ಳುತ್ತದೆ. ಆದರೆ ವಾರಗಟ್ಟಲೆ, ತಿಂಗಳುಗಟ್ಟಲೆ ತೆರೆದಿರುವ ವಿಶಾಲವಾದ ಬಯಲುನೀರೂ ಉಂಟು. ಅದನ್ನು ರಷ್ಯನ್ ಮಾತಿನಿಂದ ಬಂದ ‘ಪೊಲಿನ್ಯಾ’ ಎಂಬ ಹೆಸರಿನಿಂದ ಕರೆಯುತ್ತಾರೆ. ಅಂಟಾರ್ಕ್ಟಿಕದ ಕರಾವಳಿಯಲ್ಲಿ ಇದು ಹುಟ್ಟುವ ಬಗೆ ಸೋಜಿಗದ್ದು. ಒಳನಾಡಿನ ಎತ್ತರದಲ್ಲಿ ತಣಿದು ಭಾರವಾದ ಗಾಳಿಯು ಇಳಿಜಾರಿನಲ್ಲಿ ಧುಮುಕಿ ಬಂದು, ಹುಟ್ಟಿದ ಹಿಮವನ್ನು ಹುಟ್ಟಿದಂತೆಯೇ ಕಡಲಿಗೆ ತಳ್ಳುತ್ತದೆ. ನೀರು ತೆರೆದಿರುವುದು ಸೆಕೆಯಿಂದಲ್ಲ, ಕೊರೆವ ಗಾಳಿಯಿಂದ! ಬರಿದಾದ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಗಾಳಿ ಮತ್ತೆ ಅದನ್ನು ದೂಡುತ್ತದೆ. ಹೀಗೆ ಹಿಮವಿಲ್ಲದ ಜಾಗವೇ ಹಿಮದ ಕಾರ್ಖಾನೆಯಾಗುತ್ತದೆ.

ಇನ್ನೊಂದು ಬಗೆಯಲ್ಲಿ ಕಿಟಕಿ ತೆರೆಯುವುದು ಕೆಳಗಿನಿಂದ. ಆಳದ ಬೆಚ್ಚನೆಯ ನೀರು ಮೇಲೆದ್ದು ಹಿಮವನ್ನು ಕರಗಿಸುತ್ತದೆ. ವೆಡೆಲ್ ಸಮುದ್ರದಲ್ಲಿ 1974ರಿಂದ 1976ರವರೆಗೆ ಮೂರು ಚಳಿಗಾಲ ಇಂಥದೊಂದು ಪೊಲಿನ್ಯಾ ತೆರೆದುಕೊಂಡಿತು. ಅದರ ವಿಸ್ತಾರ ಸುಮಾರು 2,50,000 ಚದರ ಕಿಲೋಮೀಟರು. ಇಡೀ ಕರ್ನಾಟಕವನ್ನು ಅದರೊಳಗಿಟ್ಟರೂ ಜಾಗ ಮಿಗುತ್ತಿತ್ತು. 2016 ಮತ್ತು 2017ರಲ್ಲಿ ಆ ಪ್ರದೇಶದಲ್ಲಿಯೇ ಚಿಕ್ಕದಾದ ಕಿಟಕಿಗಳು ಮತ್ತೆ ಕಾಣಿಸಿಕೊಂಡವು. ಕಡಲಡಿಯ ಬೆಟ್ಟವೊಂದರ ಮೇಲಣ ಸುಳಿಗಳೂ ಬಿರುಗಾಳಿಗಳೂ ಕೂಡಿ ಆಳದ ನೀರನ್ನು ಕಲಕಿದುವೆಂದು ತಿಳಿದುಬಂದಿತು. ಈ ಅರಿವಿಗೆ ನೆರವಾದವುಗಳಲ್ಲಿ ಸೀಲ್ ಪ್ರಾಣಿಗಳ ತಲೆಗೆ ಅಂಟಿಸಿದ ಪುಟ್ಟ ಉಪಕರಣಗಳೂ ಸೇರಿವೆ.

ಉತ್ತರದಲ್ಲಿ, ಗ್ರೀನ್‌ಲೆಂಡ್ ಮತ್ತು ಕೆನಡಗಳ ನಡುವೆ, ಮತ್ತೊಂದು ಪ್ರಸಿದ್ಧ ಪೊಲಿನ್ಯಾ ಇದೆ. ದಕ್ಷಿಣಕ್ಕೆ ತೇಲಿಬರುವ ಹಿಮವು ಇಕ್ಕಟ್ಟಾದ ಜಲಸಂಧಿಯಲ್ಲಿ ಸಿಲುಕಿ ಕಮಾನು ಕಟ್ಟುತ್ತದೆ. ಅದರಾಚೆಯ ನೀರನ್ನು ಗಾಳಿ ತೆರೆದಿಡುತ್ತದೆ. ಕೋಟ್ಯಂತರ ಕಡಲಹಕ್ಕಿಗಳಿಗೆ ಅದೇ ಉಣಿಸಿನ ತಾಣ. ತಿಮಿಂಗಿಲಗಳಿಗೆ ಅದೇ ಉಸಿರಿನ ಬಾಗಿಲು. ತೀರದ ಇನುಯಿಟ್ ಬೇಟೆಗಾರರ ಸಂಸಾರಗಳಿಗೆ ಅದೇ ಆಧಾರ. ಈ ಉಪಕಾರವೆಲ್ಲ ಕಮಾನನ್ನು ನಂಬಿದೆ. 2007ರಲ್ಲಿ ಅದು ಕಟ್ಟಲೇ ಇಲ್ಲ; ಉತ್ತರದ ದಪ್ಪನೆಯ ಹಿಮವು ತಡೆಯಿಲ್ಲದೆ ಹರಿದುಹೋಯಿತು. ಭೂಮಿ ಕಾದಂತೆ ಹಿಮ ತೆಳುವಾಗಿ ಕಮಾನು ದುರ್ಬಲವಾಗುತ್ತಿರುವುದೇ ಇಂದಿನ ಚಿಂತೆ. ಹಿಮ ಕಡಮೆಯಾದರೆ ತೆರೆದ ನೀರು ಹೆಚ್ಚುವುದು ನಿಜ. ಆದರೆ ಜೀವಿಗಳು ನೆಚ್ಚಿದ ಜಾಗದಲ್ಲಿ, ನೆಚ್ಚಿದ ಕಾಲಕ್ಕೆ ತೆರೆಯುವ ಕಿಟಕಿ ಬೇರೆಯೇ.

ಇದರಿಂದ ಕನ್ನಡನಾಡಿಗೇನು ಎಂದು ಕೇಳುವವರು ಒಂದು ಸಂಗತಿಯನ್ನು ಗಮನಿಸಬಹುದು. ಕಡಲನೀರು ಹೆಪ್ಪುಗಟ್ಟುವಾಗ ತನ್ನ ಉಪ್ಪಿನ ಬಹುಭಾಗವನ್ನು ಹೊರದೂಡುತ್ತದೆ. ದಕ್ಷಿಣದ ಹಿಮದ ಕಾರ್ಖಾನೆಗಳ ಕೆಳಗೆ ಆ ಉಪ್ಪಿನಿಂದ ಭಾರವಾದ ತಣ್ಣೀರು ಪ್ರಾಣವಾಯುವನ್ನು ಹೊತ್ತು ತಳಕ್ಕಿಳಿದು, ಹಿಂದೂ ಮಹಾಸಾಗರದ ಆಳದಲ್ಲಿ ಮೆಲ್ಲಮೆಲ್ಲನೆ ಉತ್ತರಕ್ಕೆ ಸರಿಯುತ್ತದೆ. ಸುತ್ತೂರನ್ನು ದಾಟಿದ ಕಪಿಲೆಯು ಕಾವೇರಿಯೊಡಗೂಡಿ ಬಂಗಾಳ ಕೊಲ್ಲಿಗೆ ಹೊರಡುತ್ತಾಳೆ. ಆ ಕೊಲ್ಲಿಯೂ ಅದೇ ಮಹಾಸಾಗರದ ಒಂದು ಮಡಿಲು. ಅದರ ಆಳದ ಜೀವಿಗಳ ಉಸಿರಿಗೆ ಕಪಿಲೆಯ ನಾಡಿನವರು ಎಂದೂ ಕಾಣದ ಆ ಕಿಟಕಿಗಳ ಋಣವಿದೆ.