ಹಂದಿ ಎಂಬ ಮಾತು

ಒಂದೇ ಪ್ರಾಣಿಗೆ ನಮ್ಮಲ್ಲಿ ಎರಡು ಹೆಸರು. ‘ವರಾಹ’ ಎಂದೊಡನೆ ಕೈಮುಗಿಯುತ್ತೇವೆ. ‘ಹಂದಿ’ ಎಂದೊಡನೆ ಮೂಗು ಮುರಿಯುತ್ತೇವೆ. ಮೊದಲನೆಯದು ವಿಷ್ಣುವಿನ ಅವತಾರ, ಬಾದಾಮಿಯ ಚಾಲುಕ್ಯರ ಲಾಂಛನ, ವಿಜಯನಗರದ ಹೊನ್ನಿನ ನಾಣ್ಯದ ಹೆಸರು. ಎರಡನೆಯದು ಬೀದಿಯ ಜಗಳದಲ್ಲಿ ಕೇಳಿಬರುವ ಬೈಗುಳ. ಪ್ರಾಣಿಯಲ್ಲಿಲ್ಲದ ಈ ಭೇದವು ಮಾತಿನಲ್ಲಿ ನೆಲೆಸಿರುವುದು ವಿಚಾರಮಾಡತಕ್ಕ ಸಂಗತಿಯೆಂದು ನನಗೆ ತೋರುತ್ತದೆ.

‘ಹಂದಿ’ ಅಚ್ಚಗನ್ನಡದ ಹಳೆಯ ಮಾತು. ಹಳಗನ್ನಡದಲ್ಲಿ ಅದು ‘ಪಂದಿ’. ‘ಪಾಲ್’ ಹಾಲಾದಂತೆ, ‘ಪೂ’ ಹೂವಾದಂತೆ ಪಂದಿ ಹಂದಿಯಾಯಿತು. ತೆಲುಗರೂ ಕೊಡವರೂ ಇಂದಿಗೂ ಪಂದಿ ಎಂದೇ ಅನ್ನುತ್ತಾರೆ; ತುಳುವರಿಗೆ ಅದು ಪಂಜಿ, ಮಲೆಯಾಳಿಗಳಿಗೆ ಪನ್ನಿ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನದಲ್ಲಿಯೂ ಈ ಮಾತಿದೆ. ಗಂಗರ ಬೂತುಗನಿಂದ ಮಣಲೇರನು ಪಡೆದ ಕಾಳಿ ಎಂಬ ನಾಯಿ ದೊಡ್ಡದೊಂದು ಪಂದಿಯ ಮೇಲೆ ಬಿದ್ದು ಹೋರಾಡಿತು. ಎರಡೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು. ಅಲ್ಲಿ ಪಂದಿ ವೀರನಾಯಿಗೆ ಸರಿಸಮನಾದ ಎದುರಾಳಿ. ಆ ಮಾತಿನಲ್ಲಿ ಹೇಸಿಕೆಯ ಸುಳಿವಿಲ್ಲ.

ಇಂದಿನ ಬಳಕೆಯಲ್ಲಿಯಾದರೋ ಕೊಳಕನಾದವನು ಹಂದಿ, ಹೆಚ್ಚು ಉಂಡವನು ಹಂದಿ, ಮೈತುಂಬಿಕೊಂಡವನೂ ಹಂದಿ. ಈ ಪ್ರಾಣಿಗೆ ಬೆವರಿ ಮೈಯನ್ನು ತಂಪುಮಾಡಿಕೊಳ್ಳುವ ಶಕ್ತಿ ತೀರ ಕಡಿಮೆ. ಆದುದರಿಂದಲೇ ಅದು ಕೆಸರಿನಲ್ಲಿ ಹೊರಳುತ್ತದೆ. ಊರಹಂದಿ ತಿನ್ನುವ ಬೀದಿಯ ಹೊಲಸಂತೂ ನಾವೇ ಚೆಲ್ಲಿದ್ದು. ನಮ್ಮ ಕೊಳೆಯನ್ನು ನಾವು ಅದರ ಹೆಸರಿಗೆ ಅಂಟಿಸಿದ್ದೇವೆ.

ಬೈಗುಳ ಪ್ರಾಣಿಗೆ ತಾಗುವುದಿಲ್ಲ, ಮನುಷ್ಯರಿಗೆ ತಾಗುತ್ತದೆ. ಹಂದಿ ಸಾಕಿ ಬದುಕುವವರು ನಮ್ಮ ನಾಡಿನಲ್ಲಿದ್ದಾರೆ. ಹಂದಿಜೋಗಿಗಳ ಸಮುದಾಯದ ಹೆಸರಿನಲ್ಲಿಯೇ ಈ ಮಾತು ಕೂಡಿಕೊಂಡಿದೆ. ಅಂಥ ಮನೆಯ ಮಗುವೊಂದು ತರಗತಿಯಲ್ಲಿ ಕುಳಿತಿರುವಾಗ ಉಪಾಧ್ಯಾಯರು ಬೇರೊಬ್ಬ ಹುಡುಗನನ್ನು ‘ಹಂದಿ’ ಎಂದು ಗದರಿಸಿದರೆ, ಬೈಸಿಕೊಂಡವನು ಸಂಜೆಯೊಳಗೆ ಮರೆತಾನು. ಈ ಮಗು ಮರೆಯಲಾರದು. ತನ್ನ ತಂದೆತಾಯಿಗಳ ದುಡಿಮೆ ಲೋಕದ ಕಣ್ಣಿಗೆ ಏನೆಂಬುದನ್ನು ಅದು ಆ ದಿನ ಕಲಿಯುತ್ತದೆ.

ಮಾತನ್ನು ಕೈಬಿಟ್ಟು ಎಲ್ಲೆಡೆಯೂ ‘ವರಾಹ’ ಎನ್ನಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಹಾಗೆ ಮಾಡಿದರೆ ಕನ್ನಡದ ಮಾತೇ ಹೀನವೆಂದು ಒಪ್ಪಿಕೊಂಡಂತಾಗುತ್ತದೆ. ಹಂದಿಯನ್ನು ಹಂದಿಯೆಂದೇ ಕರೆಯೋಣ. ಮನುಷ್ಯನನ್ನು ಹಾಗೆ ಕರೆಯುವುದನ್ನು ಮಾತ್ರ ಬಿಡೋಣ. ಇದನ್ನು ತರಗತಿಯಿಂದಲೇ ಆರಂಭಿಸಬಹುದೆಂದು ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿನಂತಿ.