ಹುಷಾರ್ ಇದ್ದೀನಿ, ಸ್ಮಾರ್ಟ್ ಅಲ್ಲ

ಫಸ್ಟ್ ಸೆಮ್‌ನ ಎರಡನೇ ವಾರ. ಹಾಸ್ಟೆಲ್ ರೂಮ್‌ಮೇಟ್ ಮೈಸೂರು ಕಡೆಯವನು. ಒಂದು ಬೆಳಿಗ್ಗೆ ಹೊದ್ದುಕೊಂಡೇ "ಹುಷಾರಿಲ್ಲ ಕಣೋ, ಕ್ಲಾಸಿಗೆ ಬರಲ್ಲ" ಅಂದ. "ಯಾಕೋ, ಹುಷಾರ್ ಇದ್ದೀಯಲ್ಲ, ಸಿಇಟಿ ರ‍್ಯಾಂಕ್ ನನಗಿಂತ ಚಲೋ ಬಂದದ" ಅಂತ ಸಮಾಧಾನ ಮಾಡಿದೆ. ಅವನಿಗೆ ಜ್ವರ ಇತ್ತು.

ನಮ್ಮೂರು ಘತ್ತರಗಿ. ಅಫಜಲಪುರ ತಾಲ್ಲೂಕು, ಭೀಮಾ ನದಿ ದಂಡಿ, ಭಾಗ್ಯವಂತಿ ಗುಡಿ ಇರೋ ಊರು. ನಮ್ಮ ಕಡೆ ಜ್ವರ ಬಂದರೆ 'ಆರಾಮಿಲ್ಲ' ಅಂತೀವಿ. 'ಹುಷಾರ್ ಹುಡುಗ' ಅಂದ್ರೆ ಬುದ್ಧಿವಂತ. ಪಾರ್ಸಿಯಿಂದ ಬಂದ ಒಂದೇ ಪದ, ಮೈಸೂರಿಗೆ ಹೋಗಿ ಆರೋಗ್ಯ ಆಯ್ತು, ನಮ್ಮಲ್ಲಿ ಮಿದುಳಾಗಿ ಉಳೀತು.

ಇದು ನಗೋ ಕಥೆ. ಇನ್ನೊಂದು ಅಷ್ಟು ನಗು ತರಿಸಲಿಲ್ಲ. ಮೂರನೇ ವರ್ಷದಲ್ಲಿ ಒಂದು ಅಣಕು ಸಂದರ್ಶನ ಕೊಟ್ಟೆ. ಫಾರ್ಮ್ ಮೇಲೆ ಬರೆದುಕೊಟ್ಟಿದ್ದು ಮೂರೇ ಪದ: "ಇಂಟೆಲಿಜೆಂಟ್. ನಾಟ್ ಸ್ಮಾರ್ಟ್." ರೂಮಿಗೆ ಬಂದು ಫೋನಿನಲ್ಲಿ ಅನುವಾದ ಮಾಡಿ ನೋಡಿದೆ. ಎರಡಕ್ಕೂ 'ಬುದ್ಧಿವಂತ' ಅಂತಲೇ ಬಂತು. ಅಂದ್ರೆ ನಾನು ಬುದ್ಧಿವಂತ, ಆದರೆ ಬುದ್ಧಿವಂತನಲ್ಲ!

ಇಂಗ್ಲಿಷಿನವರಿಗೆ ಇವು ಬೇರೆಬೇರೆ. ವಿಷಯ ಅರ್ಥ ಮಾಡಿಕೊಳ್ಳೋನು ಇಂಟೆಲಿಜೆಂಟ್. ಅದನ್ನು ತಟ್ಟನೆ ಉಪಯೋಗಿಸೋನು, ಮೇಲಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೋನು, ಸ್ಮಾರ್ಟ್. ಕ್ಲೆವರ್‌ನಲ್ಲಿ ಕೆಲವೊಮ್ಮೆ ಸ್ವಲ್ಪ ಅನುಮಾನ ಇರುತ್ತೆ. ಸ್ಮಾರ್ಟ್ ಅನ್ನೋ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಇದ್ದ ಅರ್ಥ ಉರಿ, ನೋವು. ನಮ್ಮ 'ಚುರುಕು' ಕೂಡ ಹಾಗೇ: ಹುಡುಗನೂ ಚುರುಕು, ಬಿಸಿಲೂ ಚುರುಕು. ಅಣ್ಣನಿಗೆ ಇದನ್ನು ಹೇಳಿದೆ. "ಚುರುಕು ಬೇಕೇನು? ಏಪ್ರಿಲ್‌ನ್ಯಾಗ ಹೊಲಕ್ಕ ಬಾ, ತಾನೇ ಮುಟ್ಟತದ" ಅಂದ.

ಕನ್ನಡದಲ್ಲಿ ಛಾಯೆಗಳು ಕಮ್ಮಿ ಅಂತ ಅಲ್ಲ. ಜಾಣ ಒಳ್ಳೆಯವನೇ, ಆದರೆ ಜಾಣಕುರುಡು, ಜಾಣಮರೆವು ಅಂದಾಗ ಅವನ ಇನ್ನೊಂದು ಮುಖ ಕಾಣುತ್ತೆ. ಮರಾಠಿಯ ಶಹಾಣಾ ನಮ್ಮಲ್ಲಿ ಶಾಣ್ಯಾ ಆಗಿದ್ದಾನೆ. "ಶಾಣ್ಯಾ ಮಗ" ಅಂದ್ರೆ ಹೊಗಳಿಕೆ, "ಭಾಳ ಶಾಣ್ಯಾ ಆಗಬ್ಯಾಡ" ಅಂದ್ರೆ ಕಪಾಳಕ್ಕೆ ಬೀಳೋ ಮುಂಚಿನ ಸೂಚನೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು 'ಬುದ್ಧಿ'. ಅದನ್ನು ಹೇಳ್ತಾರೆ, ಕಲಿಸ್ತಾರೆ, "ಈಗ ಬುದ್ಧಿ ಬಂತಾ?" ಅಂತ ಕೇಳ್ತಾರೆ. ಅಂದ್ರೆ ಅದು ಬರುವಂಥದ್ದು. ಹುಟ್ಟುವಾಗಲೇ ಅಳತೆ ಮಾಡಿ ಮುಚ್ಚಳ ಹಾಕಿದ ಡಬ್ಬಿ ಅಲ್ಲ.

ಬುದ್ಧಿ ಪರೀಕ್ಷೆ ಶುರು ಮಾಡಿದವರ ಉದ್ದೇಶವೂ ಡಬ್ಬಿ ಮುಚ್ಚೋದಾಗಿರಲಿಲ್ಲ. 1905ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ ಅದನ್ನು ತಯಾರಿಸಿದ್ದು ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸೋಕೆ. ಬುದ್ಧಿ ಬದಲಾಗದ ಪ್ರಮಾಣ ಅನ್ನೋದನ್ನು ಬಿನೆ ಒಪ್ಪಿರಲಿಲ್ಲ. ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ ಒಂದೇ ಅಂಕಿ ಮಾಡುವ ಐಕ್ಯೂ ಲೆಕ್ಕವನ್ನು 1912ರಲ್ಲಿ ಕೊಟ್ಟದ್ದು ಜರ್ಮನಿಯ ವಿಲಿಯಂ ಸ್ಟರ್ನ್. ಬಿನೆ ಅಷ್ಟರಲ್ಲಿ ತೀರಿಕೊಂಡಿದ್ದ.

ಅಣ್ಣ ಪಿಯುಸಿ ಇಂಗ್ಲಿಷ್‌ನಲ್ಲಿ ಫೇಲ್. 'ದಡ್ಡ' ಅನ್ನಿಸಿಕೊಂಡು ಅಲ್ಲಿಗೇ ಬಿಟ್ಟ. ಈಗ ಪಂಪ್‌ಸೆಟ್ ರಿಪೇರಿ ಮಾಡ್ತಾನೆ. ಮೋಟಾರಿನ ಗುಂಯ್ ಅನ್ನೋ ಸದ್ದು ಕೇಳಿಯೇ, ಸ್ಟಾರ್ಟರ್ ಬಿಚ್ಚೋ ಮೊದಲೇ, "ಒಂದ್ ಫೇಸ್ ಹೋಗ್ಯಾದ" ಅಂತಾನೆ. ಇಂಡಕ್ಷನ್ ಮೋಟಾರ್ ಮೇಲೆ ಹತ್ತು ಮಾರ್ಕಿನ ಉತ್ತರ ಬರೆದ ನಾನು ಪಕ್ಕದಲ್ಲಿ ಟೆಸ್ಟರ್ ಹಿಡಿದು ನಿಂತಿರ್ತೀನಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ, ಮೇಲೆ ಸೊನ್ನ ಬ್ಯಾರೇಜಿನಿಂದ ನೀರು ಬಿಡ್ತಾರೆ ಅನ್ನೋ ಸುದ್ದಿ ಬಂದ ರಾತ್ರಿಯೇ ನದಿ ದಂಡಿಯ ಮೋಟಾರು ಎತ್ತಿಸಿದ. ಬೆಳಗಾಗಲಿ ಅಂತ ಕಾದವರ ಮೋಟಾರು ನೀರೊಳಗೆ ಹೋದವು. ಇಂಥವನಿಗೆ ಯಾವ ಪದ? ಅವ್ವ "ಅವಗ ತಿಳೀತದ" ಅಂತಾಳೆ, ಅಷ್ಟೇ.

ಈಗ ನಮ್ಮ ಕ್ಲಬ್‌ನ ವಿಷಯ. ಜೂನಿಯರ್‌ಗಳಿಗೆ ನಾವೇ ಅಣಕು ಸಂದರ್ಶನ ಮಾಡ್ತೀವಿ. ಫಾರ್ಮ್‌ನಲ್ಲಿ 'ಸ್ಮಾರ್ಟ್‌ನೆಸ್, 10ಕ್ಕೆ' ಅಂತ ಒಂದು ಕಾಲಂ ಇದೆ. ಅದನ್ನು ತೆಗೀಬೇಕು ಅಂತ ನನ್ನ ವಾದ. ಕಂಪನಿಯವರು ಅದನ್ನೇ ನೋಡ್ತಾರಲ್ಲ ಅಂತ ನೀವು ಕೇಳಬಹುದು. ನೋಡ್ಲಿ. ಆದರೆ ನಾವು 10ಕ್ಕೆ 4 ಕೊಟ್ಟರೆ ಕನ್ನಡ ಮೀಡಿಯಂನಿಂದ ಬಂದ ಹುಡುಗಿ ಅದರಿಂದ ಏನು ಮಾಡಬೇಕು? "ಉತ್ತರ ಗೊತ್ತಿತ್ತು, ಇಂಗ್ಲಿಷ್ ವಾಕ್ಯ ಕಟ್ಟೋಕೆ ತಡವಾಯ್ತು" ಅಂತ ಬರೆದರೆ ನಾಳೆಯಿಂದಲೇ ಅಭ್ಯಾಸ ಶುರು ಮಾಡ್ತಾಳೆ. ನನಗೆ ಆ ಸಾಲು ಯಾರೂ ಬರೆದುಕೊಡಲಿಲ್ಲ. ಮೂರು ಪದ ಹಿಡ್ಕೊಂಡು ಒಂದಿಡೀ ಸೆಮಿಸ್ಟರ್ ಸಂದರ್ಶನದ ಕಡೆ ತಲೆ ಹಾಕಲಿಲ್ಲ.

ಈ ಸಲದ ಫಾರ್ಮ್ ಇನ್ನೂ ಪ್ರಿಂಟ್‌ಗೆ ಹೋಗಿಲ್ಲ.