ಪಾಯಿಂಟಿನ ಟಿಕೆಟ್: ಹಕ್ಕೋ, ಅನುಗ್ರಹವೋ?

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಮಗನೋ ಮಗಳೋ ವಿದೇಶದಲ್ಲಿರುವುದು ಈಗ ವಿಶೇಷವಲ್ಲ. ಬಾಣಂತನಕ್ಕೆಂದು, ಮೊಮ್ಮಗುವನ್ನು ಕಾಣಲೆಂದು ಮಂಗಳೂರು, ಕಣ್ಣೂರುಗಳಿಂದ ವಿಮಾನವೇರುವ ವೃದ್ಧ ತಾಯ್ತಂದೆಯರೂ ಅನೇಕರು. ಮೊಣಕಾಲು ನೋವಿನ ತಾಯಿ ಬಿಸಿನೆಸ್ ದರ್ಜೆಯಲ್ಲಿ ಕಾಲು ಚಾಚಿ ಮಲಗಿ ಬರಲಿ ಎಂದು ಮಕ್ಕಳು ಬಯಸಿದರೆ ಅದನ್ನು ಐಷಾರಾಮವೆನ್ನಲಾಗದು. ಕ್ರೆಡಿಟ್ ಕಾರ್ಡಿನ ಪಾಯಿಂಟುಗಳು ಆ ಬಯಕೆಗೆ ದಾರಿ ಮಾಡಿಕೊಡಬಲ್ಲವು. ಆದರೆ ಪಾಯಿಂಟು ಹಣವೇ, ಹಕ್ಕೇ ಅಥವಾ ಬರಿಯ ಭರವಸೆಯೇ ಎಂಬುದನ್ನು ಮೊದಲು ಅರಿಯಬೇಕು.

ವ್ಯವಸ್ಥೆ ಸರಳವಾದುದು. ಖರೀದಿಗೆ ತಕ್ಕಂತೆ ಬ್ಯಾಂಕು ಪಾಯಿಂಟು ನೀಡುತ್ತದೆ. ಅದನ್ನು ವಿಮಾನ ಸಂಸ್ಥೆಯ ಖಾತೆಗೆ ವರ್ಗಾಯಿಸಿ ಆಸನ ಕಾದಿರಿಸಬಹುದು. ಏರ್ ಇಂಡಿಯಾ 2014ರಲ್ಲಿ ಸ್ಟಾರ್ ಅಲಯನ್ಸ್ ಸೇರಿದಂತೆ ವಿಮಾನ ಸಂಸ್ಥೆಗಳು ಒಕ್ಕೂಟ ಕಟ್ಟಿಕೊಂಡಿರುವುದರಿಂದ, ಒಂದರ ಪಾಯಿಂಟಿಗೆ ಇನ್ನೊಂದರ ಆಸನವೂ ದೊರೆಯುತ್ತದೆ. ಆದರೆ ಇಂತಹ ಆಸನಗಳು ಮಿತ. ಒಮ್ಮೆ ವರ್ಗಾಯಿಸಿದ ಪಾಯಿಂಟು ಸಾಮಾನ್ಯವಾಗಿ ಬ್ಯಾಂಕಿಗೆ ಮರಳದು. ಆದುದರಿಂದ ಆಸನವಿರುವುದನ್ನು ಖಚಿತಪಡಿಸಿಕೊಂಡ ಬಳಿಕವೇ ವರ್ಗಾಯಿಸುವುದು ವಿವೇಕ.

ಲೆಕ್ಕವೊಂದನ್ನು ಊಹಿಸೋಣ. ನೂರು ರೂಪಾಯಿಗೆ ಎರಡು ಪಾಯಿಂಟು ಸಿಗುವ ಕಾರ್ಡಿನಲ್ಲಿ 60,000 ಪಾಯಿಂಟು ಕೂಡಿಸಲು 30 ಲಕ್ಷ ರೂಪಾಯಿ ವ್ಯಯಿಸಬೇಕು. ಎರಡು ಲಕ್ಷದ ಟಿಕೆಟ್ 20,000 ರೂಪಾಯಿ ತೆರಿಗೆ, ಶುಲ್ಕಗಳಿಗೆ ದೊರೆತರೆ ಉಳಿತಾಯ 1,80,000 ಎಂದು ಹಿಗ್ಗುವವರಿದ್ದಾರೆ. ಪಾಯಿಂಟಿಲ್ಲದಿದ್ದರೆ 40,000 ರೂಪಾಯಿಯ ಸಾಮಾನ್ಯ ಟಿಕೆಟನ್ನೇ ಕೊಳ್ಳುತ್ತಿದ್ದವರಿಗೆ ಕೈಯಲ್ಲುಳಿದದ್ದು 20,000 ಮಾತ್ರ, ಮಿಕ್ಕದ್ದು ಸುಖ. ಸುಖಕ್ಕೂ ಬೆಲೆಯಿದೆ, ಆದರೆ ಅದನ್ನು ನಗದೆಂದು ಎಣಿಸಬಾರದು.

ಬಾಕಿ ಉಳಿಸಿಕೊಂಡವರ ಲೆಕ್ಕವಂತೂ ಪೂರ್ತಿ ತಲೆಕೆಳಗು. ಒಂದು ಲಕ್ಷ ರೂಪಾಯಿ ಖರ್ಚಿಗೆ ಬರುವ 2,000 ಪಾಯಿಂಟು ಇಪ್ಪತ್ತೈದು ಪೈಸೆಯಂತೆ 500 ರೂಪಾಯಿಗೆ ಸಮ. ಅದೇ ಮೊತ್ತಕ್ಕೆ ತಿಂಗಳಿಗೆ ಶೇ. 3.5ರಂತೆ ಬಡ್ಡಿ 3,500 ರೂಪಾಯಿ. 'ಕನಿಷ್ಠ ಮೊತ್ತ' ಕಟ್ಟಿದರೆ ಬಡ್ಡಿ ತಪ್ಪುವುದಿಲ್ಲ.

ಇನ್ನು ಹಕ್ಕಿನ ವಿಚಾರ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಆರಂಭಿಸಿದ ಯೋಜನೆಯ ನಿಯಮಗಳನ್ನು 1988ರಲ್ಲಿ ಬದಲಿಸಿ, ಅದಾಗಲೇ ಗಳಿಸಿದ ಮೈಲುಗಳ ಬಳಕೆಯನ್ನೂ ಮೊಟಕುಗೊಳಿಸಿತು. ಸದಸ್ಯರು ದಾವೆ ಹೂಡಿದರು. ವೊಲೆನ್ಸ್ ಪ್ರಕರಣದ 1995ರ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ರಾಜ್ಯದ ಗ್ರಾಹಕ ಕಾನೂನಿನಡಿಯ ವಾದವನ್ನು ಒಪ್ಪದೆ, ಕರಾರುಭಂಗದ ವಾದಕ್ಕೆ ಮಾತ್ರ ಅವಕಾಶವಿತ್ತಿತು. ಅಂದರೆ ಸದಸ್ಯನ ಹಕ್ಕು ಕರಾರಿನ ಅಕ್ಷರಗಳಷ್ಟೇ ಅಗಲ. ನಿಯಮಗಳನ್ನು ಯಾವಾಗ ಬೇಕಾದರೂ ಬದಲಿಸಬಹುದೆಂಬ ಸಾಲು ಆ ಕರಾರಿನಲ್ಲೇ ಇದ್ದರೆ ಹಕ್ಕು ಮತ್ತಷ್ಟು ಕಿರಿದಾಗುತ್ತದೆ.

ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಅನ್ಯಾಯದ ಕರಾರು' ಎಂಬ ಪರಿಕಲ್ಪನೆಯನ್ನು ಅಂಗೀಕರಿಸಿದೆ. ಅಂತಹ ದೂರನ್ನು ಜಿಲ್ಲಾ ಆಯೋಗದ ಬದಲು ರಾಜ್ಯ ಆಯೋಗದ ಮುಂದೆ ಸಲ್ಲಿಸಬೇಕು. ಕಾಸರಗೋಡಿನವರಿಗೆ ಅದು ತಿರುವನಂತಪುರದ ಹಾದಿ. ಸೇವಾನ್ಯೂನತೆಯ ದೂರಿಗೆ ಜಿಲ್ಲಾ ಆಯೋಗವೇ ಸಾಕು. ಬ್ಯಾಂಕಿನ ಸೇವಾಲೋಪಕ್ಕೆ ಮೊದಲು ಬ್ಯಾಂಕಿಗೇ ಲಿಖಿತ ದೂರು ನೀಡಬೇಕು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಶುಲ್ಕವಿಲ್ಲದೆ ಹೋಗಬಹುದು. ದೂರಿಗೆ ಆಧಾರ ಬೇಕಲ್ಲವೇ? ಕಾರ್ಡು ಪಡೆದಂದಿನ ನಿಯಮಪತ್ರ, ಪಾಯಿಂಟು ಜಮೆಯಾದ ತಿಂಗಳ ಲೆಕ್ಕಪಟ್ಟಿ, ಬದಲಾವಣೆಯ ಸೂಚನೆ ಇವಿಷ್ಟನ್ನು ಕಾಯ್ದಿರಿಸಬೇಕು.

2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗ ಅದರ ಆಸನಕ್ಕೆಂದು ಪಾಯಿಂಟು ಕೂಡಿಟ್ಟವರಿಗೆ ಆಸನವೇ ಇಲ್ಲವಾಯಿತು. ಪಾಯಿಂಟು ಠೇವಣಿಯಲ್ಲ, ಅದಕ್ಕೆ ಬಡ್ಡಿಯೂ ಇಲ್ಲ, ವಿಮೆಯೂ ಇಲ್ಲ. ತಾಯಿಯ ಪ್ರಯಾಣಕ್ಕೆ ಸಾಕಾಗುವಷ್ಟು ಕೂಡಿದೊಡನೆ ಟಿಕೆಟ್ ಮಾಡಿಸುವುದೇ ಲೇಸು.